ಉಂಗುರಬೆರಳಿನ ಸ್ಥಾನಬೆಲೆ

ಘನವಿದ್ವಾಂಸರೂ, ವಿದ್ವತ್ತಿನ ಭಾರವಿಲ್ಲದೆ ಹಗುರವಾಗಿ ಓಡಾಡಿಕೊಂಡಿರುವವರೂ ಆದ ಸಮಸ್ತ ವಾಚಕ ಮಹಾಶಯರ ಸನ್ನಿಧಾನದಲ್ಲಿ ಈ ಲೇಖಕನ ಸವಿನಯ ಅರಿಕೆ ಏನೆಂದರೆ: ಮುಂದೆ ನಿರೂಪಿತವಾಗಲಿರುವ ವೃತ್ತಾಂತದಲ್ಲಿ ಗಣಿತವಿದೆ. ಇದನ್ನು ಮೊದಲೇ ತಿಳಿಸಿಬಿಡುವುದು ನ್ಯಾಯ. ಆದರೆ ಇರುವ ಗಣಿತವೆಲ್ಲ ಒಬ್ಬ ಮನುಷ್ಯನ ಹತ್ತು ಬೆರಳುಗಳೊಳಗೆ ಅಡಗಿದ್ದು, ಆ ಹತ್ತರಲ್ಲಿಯೂ ತಂಟೆ ಮಾಡಿದ್ದು ಒಂದೇ ಬೆರಳಾದ್ದರಿಂದ, ಲೆಕ್ಕವೆಂದೊಡನೆ ಹೊಟ್ಟೆನೋವು ಬರುವವರೂ ಧೈರ್ಯವಾಗಿ ಮುಂದುವರಿಯಬಹುದು.

ಆ ಬೆರಳು ನನ್ನ ಭಾವನದು, ಎಂದರೆ ಅಕ್ಕನ ಗಂಡನದು. ಭಾವ ನದಿಯ ಈ ದಡದಿಂದ ಆ ದಡಕ್ಕೆ ಹೋಗಿಬರುವ ಲಾಂಚಿಗೆ ಜನರನ್ನು ಎಣಿಸಿ ಹತ್ತಿಸುವ ಉದ್ಯೋಗದಲ್ಲಿದ್ದರು. ಟಿಕೆಟ್ಟನ್ನು ಲಾಂಚು ಹೊರಟ ಮೇಲೆ ಒಳಗೇ ಹರಿದುಕೊಡುವ ಪದ್ಧತಿಯಿದ್ದುದರಿಂದ, ಹತ್ತುವವರ ಲೆಕ್ಕಕ್ಕೆ ಭಾವನ ಹೊರತು ಬೇರೆ ದಿಕ್ಕಿರಲಿಲ್ಲ. ಲಾಂಚಿನ ಪಕ್ಕೆಯ ಮೇಲೆ, ಬಿಳಿಯ ಬಣ್ಣದಲ್ಲಿ, ‘ಗರಿಷ್ಠ ಪ್ರಯಾಣಿಕರು ೧೨೭’ ಎಂದು ಬರೆದಿತ್ತು. ನೂರ ಮೂವತ್ತಕ್ಕೆ ಕೊಟ್ಟ ಅರ್ಜಿಯಲ್ಲಿ ಚಾಲಕ, ಸಹಾಯಕ ಮತ್ತು ಸರಕಾರದ ಸಂಶಯ ಈ ಮೂರನ್ನು ಕಳೆದು ಆ ಸಂಖ್ಯೆಯನ್ನು ಮಂಜೂರು ಮಾಡಿದ್ದರಂತೆ. ಇದಕ್ಕಿಂತ ಒಬ್ಬ ಹೆಚ್ಚಾದರೂ ಲೈಸೆನ್ಸು ರದ್ದು. ಅದನ್ನು ನೋಡಿಕೊಳ್ಳಲೆಂದೇ ಒಬ್ಬ ಜಲಸಾರಿಗೆ ಇನ್ಸ್‌ಪೆಕ್ಟರು, ಒತ್ತಿದಾಗಲೆಲ್ಲ ‘ಟಿಕ್’ ಎನ್ನುವ ಎಣಿಕೆಯಂತ್ರವನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು, ಯಾವ ದಡದಲ್ಲಿ ಯಾವಾಗ ಪ್ರತ್ಯಕ್ಷರಾಗುವರೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಭಾವನ ಎಣಿಕೆಯ ವಿಧಾನ ಸರಳವಾಗಿತ್ತು. ಬೆರಳು ಮಡಿಸುತ್ತ ಹತ್ತು. ಹತ್ತಾದ ಕೂಡಲೇ ಎಡಜೇಬಿನಿಂದ ಬಲಜೇಬಿಗೆ ಒಂದು ಹರಳು. ಆದರೆ ಭಾವ ಮಾತಿನ ಮನುಷ್ಯ. ಯಾರಾದರೂ ಹತ್ತುತ್ತ ಹತ್ತುತ್ತ ‘ಚೆನ್ನಾಗಿದ್ದೀರಾ’ ಎಂದರೆ ಸಾಕು, ಹರಳು ಯಾವ ಜೇಬಿನಿಂದ ಯಾವ ಜೇಬಿಗೆ ಹೊರಟಿತ್ತೆಂಬುದು ಹರಳಿಗೂ ಮರೆತುಹೋಗುತ್ತಿತ್ತು. ಒಮ್ಮೆ ಮಗುವೊಂದನ್ನು ಎತ್ತಿ ಒಳಗಿಡಲು ಹೋಗಿ ತಮ್ಮನ್ನೇ ಎಣಿಸಿಕೊಂಡು ಬಂದರು. ಇನ್ನೊಮ್ಮೆ, ದರ್ಜಿಯೊಬ್ಬ ಅಂಗಿ ತೊಡಿಸಿ ಹೆಗಲಮೇಲೆ ಹೊತ್ತುಕೊಂಡು ಬಂದಿದ್ದ ಮರದ ಗೊಂಬೆಯನ್ನು ಎಣಿಸಿದ್ದಲ್ಲದೆ, ಅದಕ್ಕೆ ಕಿಟಕಿಯ ಪಕ್ಕ ಜಾಗವನ್ನೂ ಬಿಡಿಸಿಕೊಟ್ಟರು. ಎರಡನೆಯ ತಪ್ಪಿನ ದಿನ ಲಾಂಚಿನ ಮಾಲೀಕರು ಅಟ್ಟ ಹತ್ತಿ ನಮ್ಮ ಮನೆಗೇ ಬಂದು, ಮೂರನೆಯ ಸಲ ಎಣಿಕೆ ತಪ್ಪಿದರೆ ಈ ಕೆಲಸ ತಮ್ಮ ಹೆಂಡತಿಯ ತಮ್ಮನಿಗೆ ಹೋಗುವುದೆಂದು ಬಹಳ ಮೃದುವಾದ ದನಿಯಲ್ಲಿ ಹೇಳಿದರು. ಆ ಭಾಮೈದ ಮಾಲೀಕರ ಮನೆಯ ಸೋಫಾದ ಮೇಲೆ ವರ್ಷಗಳಿಂದ ಮಲಗಿದ್ದು, ಸೋಫಾಕ್ಕೆ ಅವನ ಆಕಾರ ಬಂದಿತ್ತು.

ಕೆಲಸದ ಜೊತೆಗೆ ಹೋಗುವುದು ಇನ್ನೂ ಒಂದಿತ್ತು. ಹಡಗುಕಟ್ಟೆಯ ಅಟ್ಟದ ಮೇಲೆ ನಾವಿದ್ದ ಎರಡು ಕೋಣೆಗಳು ಕೆಲಸಕ್ಕೆ ಅಂಟಿಕೊಂಡಿದ್ದವು. ಅವುಗಳಲ್ಲಿ ಅಕ್ಕನ ಒಲೆ, ಭಾವನ ತಾಯಿಯಾದ ದೊಡ್ಡಮ್ಮನ ಮಂಚ ಮತ್ತು ಬಾಗಿಲ ಹಿಂದೆ ನನ್ನ ಚಾಪೆ ಇದ್ದವು. ನಾನು ನಾಲ್ಕು ದಿನದ ಮಟ್ಟಿಗೆ ಬಂದವನು. ದಿನಗಳನ್ನು ಎಣಿಸುವ ಕೆಲಸ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲವಾಗಿ ಮಳೆಗಾಲವೂ ಕಳೆದಿತ್ತು.

ಊಟದ ನಂತರ ನಾನು ಅಗ್ಗದ ಪತ್ತೇದಾರಿ ಕಾದಂಬರಿಗಳನ್ನು ಗಟ್ಟಿಯಾಗಿ ಓದುವುದು ವಾಡಿಕೆ. ಒಂದು ಸಂಜೆ, ಕೊಲೆಗಾರನ ಮುಸುಕಿಗೆ ಪತ್ತೇದಾರ ಕೈಹಾಕಿದ್ದ. ದೊಡ್ಡಮ್ಮ ಮಂಚದ ತುದಿಗೆ ಸರಿದಿದ್ದರು. ನಾನು ಪುಟ ತಿರುವಿದೆ. ಅಲ್ಲಿ, ಮುದ್ರಣಾಲಯದವರ ಕೃಪೆಯಿಂದ, ‘ಪೂರ್ಣಸಂಖ್ಯೆಗಳ ದ್ವಿಮಾನ ಲಕ್ಷಣಗಳು’ ಎಂಬ ಬೇರಾವುದೋ ಪುಸ್ತಕದ ಹದಿನಾರು ಪುಟಗಳು ಹೊಲಿಯಲ್ಪಟ್ಟಿದ್ದವು. ಯಾವ ಸಂಖ್ಯೆಯನ್ನಾದರೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಿಂದ ಬರೆಯಬಹುದು; ಆಗ ಪ್ರತಿಯೊಂದು ಸ್ಥಾನದ ಬೆಲೆ ಅದರ ಹಿಂದಿನ ಸ್ಥಾನದ ಇಮ್ಮಡಿ; ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಹೀಗೆ. ಓದುವುದು ಅಭ್ಯಾಸವಾಗಿದ್ದುದರಿಂದ ನಾನು ನಿಲ್ಲಿಸದೆ ಓದಿದೆ. ನಾಲ್ಕು ಪುಟ ಕೇಳಿದ ಮೇಲೆ ದೊಡ್ಡಮ್ಮ, ಕೊಲೆ ಮಾಡಿದವನು ಆ ಸೊನ್ನೆಯೇ ಇರಬೇಕು, ಎಲ್ಲ ಕಡೆಯೂ ಅವನೇ ಬಂದು ನಿಲ್ಲುತ್ತಿದ್ದಾನೆ ಎಂದು ತೀರ್ಮಾನಿಸಿ ಮಲಗಿದರು.

ಆದರೆ ಭಾವ, ಅದುವರೆಗೂ ನನ್ನ ಯಾವ ಕಾದಂಬರಿಗೂ ತಲೆ ಎತ್ತದಿದ್ದ ಭಾವ, ಎದ್ದು ಕುಳಿತಿದ್ದರು. ಮಡಿಸಿದ ಬೆರಳು ಸೊನ್ನೆ, ನೆಟ್ಟಗಿನ ಬೆರಳು ಒಂದು ಎಂದುಕೊಂಡರೆ ಒಬ್ಬ ಮನುಷ್ಯ ಹತ್ತೇ ಬೆರಳುಗಳಲ್ಲಿ ಸಾವಿರದ ಇಪ್ಪತ್ತಮೂರರವರೆಗೆ ಎಣಿಸಬಹುದೆಂದು ಅಲ್ಲಿ ಬರೆದಿತ್ತು. ಬಲಹೆಬ್ಬೆರಳು ಒಂದು, ತೋರುಬೆರಳು ಎರಡು, ನಡುಬೆರಳು ನಾಲ್ಕು, ಉಂಗುರಬೆರಳು ಎಂಟು, ಕಿರುಬೆರಳು ಹದಿನಾರು. ಎಡಹೆಬ್ಬೆರಳು ಮೂವತ್ತೆರಡು, ಅದರ ಪಕ್ಕದ್ದು ಅರವತ್ತನಾಲ್ಕು. ಎಣಿಸುವವನು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕಾಗಿಯೇ ಇಲ್ಲ. ಒಬ್ಬ ಬಂದನೇ, ಹೆಬ್ಬೆರಳನ್ನು ನೋಡು. ಮಡಿಸಿದ್ದರೆ ಎತ್ತು, ಎತ್ತಿದ್ದರೆ ಮಡಿಸಿ ಮುಂದಿನ ಬೆರಳಿಗೆ ಹೋಗು, ಮಡಿಸಿದ ಬೆರಳು ಸಿಗುವವರೆಗೂ ಹಾಗೆಯೇ ಮಾಡಿ, ಸಿಕ್ಕಿದ್ದನ್ನು ಎತ್ತಿಬಿಡು. ನಡುವೆ ಯಾರು ಬಂದು ಎಷ್ಟು ಯೋಗಕ್ಷೇಮ ವಿಚಾರಿಸಿದರೂ ಬೆರಳುಗಳು ಮರೆಯುವುದಿಲ್ಲ.

ಹನ್ನೊಂದನೆಯ ಪುಟ ಭಾವನ ಕಣ್ಣಲ್ಲಿ ನೀರು ತರಿಸಿತು. ಇಮ್ಮಡಿ ಇಮ್ಮಡಿಯಾಗಿ ಬೆಳೆಯುವ ಸಂಖ್ಯೆಯಲ್ಲಿ ಒಂದನ್ನು ಕಳೆದರೆ ಎಲ್ಲ ಸ್ಥಾನಗಳಲ್ಲಿಯೂ ಒಂದೇ ಬರುವುದು ಎಂದು ಹೇಳಿ, ಉದಾಹರಣೆಗೆ ಕೊಟ್ಟಿದ್ದ ಸಂಖ್ಯೆ ನೂರ ಇಪ್ಪತ್ತೇಳು. ಎಂದರೆ ಏಳು ಬೆರಳುಗಳು ಪೂರಾ ಎದ್ದು ನಿಂತ ಕ್ಷಣವೇ ಲಾಂಚು ಪೂರಾ ತುಂಬಿದ ಕ್ಷಣ.

“ನೋಡಿದ್ಯಾ,” ಎಂದರು ಭಾವ, ಏಳು ಬೆರಳುಗಳನ್ನು ದೀಪಕ್ಕೆ ಹಿಡಿದು. “ಸರಕಾರಕ್ಕೆ ನನ್ನ ಕೈ ಅಳತೆ ಮೊದಲೇ ಗೊತ್ತಿತ್ತು.”

ಅಂದಿನಿಂದ ಭಾವ ಸಾಧನೆಗೆ ತೊಡಗಿದರು. ಅಕ್ಕ ಸೋಸುವ ಕಾಳು, ಬಟ್ಟೆಯ ಗುಂಡಿ, ಗೋಡೆಯ ಮೇಲಿನ ಇರುವೆ ಎಲ್ಲವೂ ಎಣಿಸಲ್ಪಟ್ಟವು. ವಾರ ಕಳೆಯುವುದರೊಳಗೆ ಅವರು ಬೆಳಗಿನ ಲಾಂಚಿಗೆ ನಿಂತು, ಎಲ್ಲರೊಡನೆ ಹರಟುತ್ತಲೇ ಎಣಿಸಿ, ನೂರ ಇಪ್ಪತ್ತೇಳನೆಯವನು ಒಳಗೆ ಕಾಲಿಟ್ಟೊಡನೆ ಬಲಗೈ ಹಸ್ತವನ್ನು ಚಾಚಿ, ಎಡಗೈಯಲ್ಲಿ ಪಿಸ್ತೂಲಿನ ಆಕಾರ ಮಾಡಿ ಹಿಡಿದು ನಿಂತುಬಿಟ್ಟರು. ನೂರ ಇಪ್ಪತ್ತೆಂಟನೆಯವನು ಎರಡೂ ಕೈ ಎತ್ತಿ ಶರಣಾದ. ಎಣಿಕೆ ಒಂದು ಕೂದಲೂ ತಪ್ಪಿರಲಿಲ್ಲ.

ಎಣಿಕೆ ಸರಿಯಾಯಿತು, ನಿಜ. ಆದರೆ ಬೆರಳುಗಳಿಗೆ ಎಣಿಕೆಯ ಹೊರತಾಗಿಯೂ ಈ ಲೋಕದಲ್ಲಿ ಅರ್ಥಗಳಿವೆಯೆಂಬುದನ್ನು ಆ ಹದಿನಾರು ಪುಟಗಳ ಗ್ರಂಥಕರ್ತರು ಪರಿಗಣಿಸಿರಲಿಲ್ಲ.

ಎರಡನೆಯ ಪ್ರಯಾಣಿಕನತ್ತ ಭಾವ ತೋರುಬೆರಳನ್ನು ಮಾತ್ರ ಚಾಚುತ್ತಿದ್ದರು. ಅವನು ತಾನು ಮಾಡಿರಬಹುದಾದ ಅಪರಾಧಗಳನ್ನೆಲ್ಲ ನೆನೆಯುತ್ತ ಒಳಗೆ ಹೋಗುತ್ತಿದ್ದ. ನಾಲ್ಕನೆಯವರಿಗೆ ನಡುಬೆರಳೊಂದೇ ಎದ್ದು ನಿಲ್ಲುತ್ತಿತ್ತು. ಅದರ ಅರ್ಥವನ್ನು ಬರೆಯಲು ನನ್ನ ಲೇಖನಿ ಹಿಂಜರಿಯುತ್ತದೆ. ಅದನ್ನು ಪ್ರತಿದಿನ ಬೆಳಿಗ್ಗೆ ಸ್ವೀಕರಿಸುತ್ತಿದ್ದವರು ಆಚೆ ದಡದಲ್ಲಿ ಪಾಠ ಹೇಳುವ ಸಂಗೀತದ ಮೇಷ್ಟ್ರು, ವಯೋವೃದ್ಧರು, ಸಾತ್ವಿಕರು. ಮೂರು ದಿನ ಸಹಿಸಿ, ನಾಲ್ಕನೆಯ ದಿನ ಅವರು ಮೂರನೆಯವನ ಹಿಂದೆ ನಿಂತುಬಿಟ್ಟು ಮುಂದಕ್ಕೆ ಹೆಜ್ಜೆಯಿಡಲು ನಿರಾಕರಿಸಿದರು. ಅವರ ಹಿಂದಿನವನೂ ನಿರಾಕರಿಸಿದ. ಯಾರೂ ನಾಲ್ಕನೆಯವರಾಗಲು ಒಪ್ಪದೆ ಲಾಂಚು ಮೂರೇ ಜನರನ್ನಿಟ್ಟುಕೊಂಡು ಬಹಳ ಹೊತ್ತು ಕಾಯಿತು. ಹದಿನಾರನೆಯವರಿಗೆ ಕಿರುಬೆರಳು ಏಳುತ್ತಿತ್ತು; ಕರುಣಾಳುಗಳು ಹಲವರು, ನಾವು ನೋಡಿಕೊಳ್ಳುತ್ತೇವೆ, ನೀವು ಹೋಗಿಬನ್ನಿ ಎಂದು ಭಾವನಿಗೆ ಕಟ್ಟೆಯ ಹಿಂದಿನ ಶೌಚಾಲಯದ ದಾರಿ ತೋರಿಸಿದರು.

ಹದಿನೇಳನೆಯವನ ಕಥೆ ಬೇರೆ. ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಎದ್ದಾಗ ಕೈ ಒಂದು ಬಾಟಲಿಯಂತೆ ಕಾಣುತ್ತದೆ. ದಿನವೂ ಹದಿನೇಳನೆಯವನಾಗಿ ಬರುತ್ತಿದ್ದ ಬಡಗಿ ಮೊದಲ ದಿನ ನಕ್ಕ, ಎರಡನೆಯ ದಿನ ಕಣ್ಣು ಹೊಡೆದ, ಮೂರನೆಯ ಸಂಜೆ ಕಂಕುಳಲ್ಲಿ ಬಾಟಲಿ ಇಟ್ಟುಕೊಂಡು ಅಟ್ಟ ಹತ್ತಿ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕುಳಿತೇಬಿಟ್ಟ.

“ಇಷ್ಟೊಂದು ಸಲ ಕರೆದ್ರಿ,” ಎಂದ. “ಬರದೇ ಇದ್ರೆ ನೀವು ಬೇಜಾರು ಮಾಡ್ಕೋತೀರಿ.”

ದೊಡ್ಡಮ್ಮ ಮಗನತ್ತ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಭಾವ ದ್ವಿಮಾನ ಪದ್ಧತಿಯನ್ನು ವಿವರಿಸತೊಡಗಿದರು. ಕುಡಿಯುವ ಮೊದಲೇ ಹೀಗಾದರೆ ಹೇಗೆ ಎಂದು ಬಡಗಿ ಮರುಗಿದ.

ಈ ಗೊಂದಲಗಳಿಂದ ಪಾರಾಗಲು ಭಾವ ಕೈಗಳನ್ನು ಪ್ಯಾಂಟಿನ ಜೇಬುಗಳಲ್ಲಿ ಹುದುಗಿಸಿ ಎಣಿಸಲು ನೋಡಿದರು. ಜೇಬಿನಲ್ಲಿ ಏನೋ ಜೀವಂತವಾದದ್ದು ಓಡಾಡುತ್ತಿದೆಯೆಂಬ ಸುದ್ದಿ ಮಧ್ಯಾಹ್ನದೊಳಗೆ ಎರಡೂ ದಡಗಳಲ್ಲಿ ಹಬ್ಬಿತು. ಕೈಗಳು ಹೊರಗೆ ಬಂದವು.

ನಿಜವಾದ ವಿಪತ್ತು ಎಂಟನೆಯವನಲ್ಲಿತ್ತು. ಎಂಟು ಎಂದರೆ ಉಂಗುರಬೆರಳೊಂದೇ ಏಳಬೇಕು. ವಾಚಕರು ಪುಸ್ತಕವನ್ನು ಕೆಳಗಿಟ್ಟು ಒಮ್ಮೆ ಪ್ರಯತ್ನಿಸಿದರೆ ಆ ಬೆರಳಿನ ಸ್ವಭಾವ ತಿಳಿದೀತು: ಅದು ಅಕ್ಕಪಕ್ಕದವರಿಲ್ಲದೆ ಎಲ್ಲಿಗೂ ಹೊರಡುವುದಿಲ್ಲ. ಪ್ರತಿ ಲಾಂಚಿನಲ್ಲಿಯೂ ಎಂಟನೆಯವನು ಬಂದಾಗ ಭಾವ ಹಲ್ಲು ಕಚ್ಚಿ ನಡುಗುತ್ತಿದ್ದರು. ಬೆರಳನ್ನು ಪಳಗಿಸಲೆಂದು ಅವರು ಅದಕ್ಕೆ ದಾರ ಕಟ್ಟಿ ಕಿಟಕಿಯ ಕದಕ್ಕೆ ಬಿಗಿದು, ಉಳಿದ ಬೆರಳುಗಳನ್ನು ಮಡಿಸಿಕೊಂಡು, ಜಗ್ಗುವ ವ್ಯಾಯಾಮ ಕಂಡುಹಿಡಿದರು. ಅಕ್ಕ ಅರಿಯದೆ ಕಿಟಕಿ ತೆರೆದಳು. ಬೆರಳು ಬದನೆಕಾಯಿಯಾಯಿತು.

ಊರಿನಲ್ಲಿ ಮೂಳೆ ಕಟ್ಟುವವನೂ ಆ ಬಡಗಿಯೇ. ಮುರಿದ ಕುರ್ಚಿಯ ಕಾಲಿಗೂ ಮನುಷ್ಯನ ಕಾಲಿಗೂ ಅವನು ಒಂದೇ ಶ್ರದ್ಧೆ, ಒಂದೇ ಬಗೆಯ ಮರ ಬಳಸುತ್ತಿದ್ದ. ಉಂಗುರಬೆರಳಿಗೆ ಎರಡು ತೆಳುವಾದ ಪಟ್ಟಿಗಳನ್ನಿಟ್ಟು, ನೆಟ್ಟಗೆ, ಬಾವುಟದ ಕಂಬದಂತೆ ಕಟ್ಟಿ, ತಾನಾಗಿ ಬಂದು ಬಿಚ್ಚುವವರೆಗೂ ಮುಟ್ಟಕೂಡದೆಂದು ಆಜ್ಞೆ ಮಾಡಿಹೋದ.

ಮರುದಿನ ಬೆಳಗಿನ ಲಾಂಚು ಅರ್ಧ ತುಂಬುವುದರೊಳಗೆ ಭಾವನ ಏಳೂ ಬೆರಳುಗಳು ಎದ್ದು ನಿಂತವು. ಭಾವ ಲಾಂಚನ್ನು ಕಟ್ಟೆಗೆ ಬಿಗಿದಿದ್ದ ಸರಪಳಿ ಎಳೆದು ಬಿಚ್ಚಿಬಿಟ್ಟರು. ಕಟ್ಟೆಯ ಮೇಲೆ ಉಳಿದವರು ಖಾಲಿ ಬೆಂಚುಗಳನ್ನು ತೋರಿಸಿ ಕೂಗಾಡಿದರು. ಭಾವ ಅವರಿಗೆ ಬೆರಳುಗಳನ್ನು ತೋರಿಸಿದರು. ಆಗಿದ್ದು ಇಷ್ಟೆ: ಎದ್ದ ಬೆರಳನ್ನು ಮಡಿಸಿ ಮುಂದಕ್ಕೆ ಹೋಗು ಎಂಬುದು ನಿಯಮ. ಉಂಗುರಬೆರಳು ಸದಾ ಎದ್ದೇ ಇತ್ತು, ಮಡಿಸಲು ಬಾರದು; ಭಾವ ಅದನ್ನು ಮಡಿಸಿದೆನೆಂದು ಭಾವಿಸಿ ಕಿರುಬೆರಳಿಗೆ ದಾಟುತ್ತಿದ್ದರು. ಏಳು ಸ್ಥಾನಗಳಲ್ಲಿ ಒಂದು ಕೆಲಸವಿಲ್ಲದೆ ಸುಮ್ಮನೆ ನಿಂತಿದ್ದರೆ ಉಳಿದ ಆರು ಸ್ಥಾನಗಳು ತುಂಬುವುದು ಅರವತ್ತಮೂರಕ್ಕೆ. ಲಾಂಚು ಅರವತ್ತಮೂರು ಜನರೊಂದಿಗೆ ಹೋಯಿತು, ಅರವತ್ತಮೂರು ಜನರೊಂದಿಗೆ ಬಂದಿತು. ಕಟ್ಟೆಯ ಮೇಲೆ ಉಳಿದವರ ಗುಂಪು ದಿನದಿಂದ ದಿನಕ್ಕೆ ದಪ್ಪವಾಯಿತು.

ಮಾಲೀಕರು ಭಾಮೈದನನ್ನು ಜೊತೆಗೆ ಕರೆದುಕೊಂಡೇ ಬಂದರು. ಅವನನ್ನು ನೋಡಿ ಅಕ್ಕನ ಮುಖ ಬಿಳುಪಾಯಿತು. ಭಾವ ಮಾತ್ರ ಎಣಿಕೆ ತಪ್ಪಿಲ್ಲವೆಂದು ಪಟ್ಟುಹಿಡಿದು, ಸ್ಥಾನಬೆಲೆ, ಇಮ್ಮಡಿ, ಸರ್ವ ಸ್ಥಾನಗಳಲ್ಲಿ ಒಂದು ಎಂದೆಲ್ಲ ಹೇಳುತ್ತಲೇ ಹೋದರು. ಮಾಲೀಕರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಭಾಮೈದನ ಎದುರು ತಿಳಿಯಲಿಲ್ಲವೆಂದು ಹೇಳುವುದಾದರೂ ಹೇಗೆ. ಅವರು ತುಂಬ ಹೊತ್ತು ತಲೆಯಾಡಿಸಿ, ಕೊನೆಗೆ ಮರದ ಪಟ್ಟಿಯನ್ನು ತೋರಿಸಿದರು.

“ಆ ಬೆರಳೊಂದು ಯಾಕ್ರೀ ಹಂಗೆ ಸೆಟೆದು ನಿಂತಿದೆ? ಅದನ್ನ ಮಡಿಸಿ ಕಟ್ಟಿಸಿ. ಎಲ್ಲ ಸರಿಹೋಗುತ್ತೆ.”

ಬಡಗಿ ಬಂದು, ಮೂಳೆಗೆ ಎರಡೂ ಒಂದೇ ಎಂದು, ಬೆರಳನ್ನು ಅಂಗೈಗೆ ಒತ್ತಿ ಮಡಿಸಿ ಸುತ್ತಿ ಬಿಗಿದು ಹೋದ.

ಮುಂದಿನ ಬೆಳಗಿನ ಲಾಂಚಿಗೆ, ಹಿಂದಿನ ದಿನಗಳಲ್ಲಿ ಉಳಿದುಹೋದವರೆಲ್ಲ ಸೇರಿ ಜಾತ್ರೆಯೇ ನೆರೆದಿತ್ತು. ಮೊದಲ ಏಳು ಜನ ಸುಗಮವಾಗಿ ಹತ್ತಿದರು. ಎಂಟನೆಯವನು ಬಂದಾಗ ಭಾವ ನಿಯಮದಂತೆ ಎದ್ದಿದ್ದ ಮೂರು ಬೆರಳುಗಳನ್ನು ಮಡಿಸಿದರು. ಮಡಿಸಿದ ಉಂಗುರಬೆರಳು ಸಿಕ್ಕಿತು. ಅದನ್ನು ಎದ್ದು ನಿಲ್ಲೆಂದು ಮನಸ್ಸಿನಲ್ಲಿಯೇ ಆಜ್ಞಾಪಿಸಿ ಮುಂದಿನವನತ್ತ ತಿರುಗಿದರು. ಬೆರಳು ಏಳಲಿಲ್ಲ. ಕೈ ಖಾಲಿ ಮುಷ್ಟಿಯಾಗಿತ್ತು. ಒಂಬತ್ತನೆಯವನು ಮತ್ತೆ ಮೊದಲನೆಯವನಾದ. ಹೀಗೆ ಪ್ರತಿ ಎಂಟು ಜನರಿಗೊಮ್ಮೆ ಲಾಂಚು, ಭಾವನ ಕೈಯ ಪ್ರಕಾರ, ಪೂರ್ತಿ ಖಾಲಿಯಾಗುತ್ತಿತ್ತು. ಕಿರುಬೆರಳಿನವರೆಗೆ ಸುದ್ದಿ ತಲುಪುವ ದಾರಿಯೇ ಇರಲಿಲ್ಲ. ಬೆಂಚು ತುಂಬಿತು, ನಡುದಾರಿ ತುಂಬಿತು, ಚಾಲಕನ ಕೋಣೆಯ ಬಾಗಿಲಿಗೆ ಮೂವರು ಅಂಟಿಕೊಂಡರು. ಚಾಲಕ ಭಾವನ ಸನ್ನೆಗಾಗಿ ಕಾಯುತ್ತಿದ್ದ. ಭಾವ ಏಳು ಬೆರಳುಗಳಿಗಾಗಿ ಕಾಯುತ್ತಿದ್ದರು. ಕೊನೆಗೆ ಲಾಂಚು ಒಂದು ದೀರ್ಘವಾದ ನಿಟ್ಟುಸಿರಿನಂಥ ಸದ್ದು ಮಾಡಿ ಕಟ್ಟೆಯ ಬುಡದ ಕೆಸರಿನಲ್ಲಿ ಕುಳಿತುಬಿಟ್ಟಿತು.

ಆ ಸದ್ದು ಅಡಗುವ ಮೊದಲೇ, ಕಾಯುತ್ತಿದ್ದ ಸಾಲಿನಿಂದ ಹೊರಬಂದವರು ಇನ್ಸ್‌ಪೆಕ್ಟರು. ಮಾಲೀಕರು ಓಡಿಬಂದರು, ಅವರ ಹಿಂದೆ ಭಾಮೈದ ನಡೆದು ಬಂದ. ಅಕ್ಕ ಮೇಲಿನ ಕಿಟಕಿಯನ್ನು ಬಿಟ್ಟು ಬಂದು ಮೆಟ್ಟಿಲ ಮೇಲೆ ನಿಂತಳು.

“ಒಳಗೆ ಎಷ್ಟು ಜನ ಇದಾರೆ?” ಎಂದರು ಇನ್ಸ್‌ಪೆಕ್ಟರು.

ಭಾವ ತಮ್ಮ ಮುಷ್ಟಿಗಳನ್ನು ನೋಡಿಕೊಂಡರು. “ಸೊನ್ನೆ, ಸಾರ್.”

ಲಾಂಚಿನ ಮೇಲಿನ ಸೊನ್ನೆ ಜನ ಗೊಳ್ಳೆಂದು ನಕ್ಕರು.

“ನಿಮಗೆ ಕಣ್ಣು ಕಾಣುತ್ತೇನ್ರೀ?”

“ಕಾಣುತ್ತೆ ಸಾರ್. ಒಟ್ಟು ಎಷ್ಟು ಅಂತ ಈಗ ಹೇಳೋಕಾಗಲ್ಲ, ಒಂದು ಬೆರಳು ರಜದ ಮೇಲಿದೆ. ಆದ್ರೆ ಮೊದಲ ಮೂರು ಸ್ಥಾನ ಸೊನ್ನೆ ಇದೆ. ಹಾಗಾಗಿ ಇವರನ್ನ ಎಂಟರಿಂದ ಭಾಗಿಸಿದ್ರೆ ಶೇಷ ಉಳಿಯಲ್ಲ. ಅಷ್ಟು ಮಾತ್ರ ಖಾತ್ರಿ.”

ಇನ್ಸ್‌ಪೆಕ್ಟರು ತಮ್ಮ ಸೇವಾವಧಿಯಲ್ಲಿ ಹೆಚ್ಚು ಹೇಳಿದವರನ್ನು ನೋಡಿದ್ದರು, ಕಡಿಮೆ ಹೇಳಿದವರನ್ನು ನೋಡಿದ್ದರು. ಶೇಷವನ್ನು ಮಾತ್ರ ಹೇಳಿದವನನ್ನು ನೋಡಿರಲಿಲ್ಲ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು ಕಾನೂನನ್ನು ವಿವರಿಸಿದರು. ಮೊದಲು ಲಾಂಚಿನ ಕಡೆಯವರು ತಮ್ಮ ಎಣಿಕೆಯನ್ನು ಒಪ್ಪಿಸಬೇಕು, ಆಮೇಲೆ ಸರಕಾರದ ಎಣಿಕೆಯನ್ನು ತೆರೆಯಲಾಗುವುದು. ಎರಡೂ ಒಂದಾದರೆ ಮುಂದಿನ ಮಾತು, ಬೇರೆಯಾದರೆ ಎಣಿಸಿದವನಿಗೆ ಅಂದೇ ಕೊನೆಯ ದಿನ. ಆದ್ದರಿಂದ ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸತಕ್ಕದ್ದು, ಇಳಿಯುವಾಗ ಎಣಿಸತಕ್ಕದ್ದು. ಮಾಲೀಕರು ಭಾಮೈದನ ಹೆಗಲ ಮೇಲೆ ಕೈಯಿಟ್ಟರು.

ಆಗ ಗುಂಪಿನಲ್ಲಿದ್ದ ಸಂಗೀತದ ಮೇಷ್ಟ್ರು, ಉಂಗುರಬೆರಳು ಕೆಟ್ಟರೆ ಅದರ ಕೆಲಸವನ್ನು ಎಡಗೈಯ ಯಾವುದಾದರೂ ಬಿಡುವಾಗಿರುವ ಬೆರಳಿಗೆ ಕೊಡಬಾರದೇ ಎಂದು ಕೇಳಿದರು. ಪ್ರಶ್ನೆ ಸಮಂಜಸವಾಗಿತ್ತು. ಭಾವ ನೊಂದುಕೊಂಡರು. ಎಡಗೈ ಬೆರಳುಗಳೆಲ್ಲ ಮೂವತ್ತೆರಡು ಮತ್ತು ಅದಕ್ಕೆ ಮೇಲ್ಪಟ್ಟವು. ಅಷ್ಟು ದೊಡ್ಡ ಹುದ್ದೆಯವರನ್ನು ಕರೆದು ಎಂಟರ ಕುರ್ಚಿಯಲ್ಲಿ ಕೂರಿಸುವುದು ಹೇಗೆ ಎಂದರು. ಗಣಿತಜ್ಞರು ಇದನ್ನು ಒಪ್ಪುವರೋ ಇಲ್ಲವೋ, ಇನ್ಸ್‌ಪೆಕ್ಟರಿಗೆ ತಟ್ಟನೆ ಅರ್ಥವಾಯಿತು. ಹಾಗೆ ಮಾಡಲು ಬರುವುದಿಲ್ಲವೆಂದು ಅವರೇ ಮೇಷ್ಟ್ರನ್ನು ಗದರಿಸಿದರು.

ಅಕ್ಕ ಮೆಟ್ಟಿಲಿಳಿದು ಬಂದಳು.

“ಆ ಬೆರಳಿನ ಬದಲಿಗೆ ನಾನಿರ್ತೀನಿ,” ಎಂದಳು. “ಅವರು ಮಡಿಸು ಅಂದ್ರೆ ಕೂರ್ತೀನಿ, ಎತ್ತು ಅಂದ್ರೆ ನಿಲ್ತೀನಿ. ಮನೆಯಲ್ಲಿ ಮಾಡೋದೂ ಅದೇ ಅಲ್ವಾ.”

ಇನ್ಸ್‌ಪೆಕ್ಟರು ಯೋಚಿಸಿದರು. ಒಂದು ಸ್ಥಾನದಲ್ಲಿ ಹೆಂಗಸು, ಉಳಿದ ಸ್ಥಾನಗಳಲ್ಲಿ ಬೆರಳು ಎಂದು ವರದಿಯಲ್ಲಿ ಬರೆಯಲಾಗುವುದಿಲ್ಲ, ಎಲ್ಲ ಸ್ಥಾನಗಳೂ ಒಂದೇ ದರ್ಜೆಯವಾಗಿರಬೇಕು ಎಂದರು. ಹೀಗೆ, ಯಾರೂ ಉದ್ದೇಶಿಸದೆಯೇ, ನಿರೀಕ್ಷಣಾ ಕೊಠಡಿಯಿಂದ ಎಂಟು ಕುರ್ಚಿಗಳು ಹೊರಬಂದು ಕಟ್ಟೆಯ ಮೇಲೆ ಸಾಲಾಗಿ ನಿಂತವು.

ಸ್ಥಾನಗಳ ಹಂಚಿಕೆಯಲ್ಲಿ ಸ್ವಲ್ಪ ಜಗಳವಾಯಿತು. ಒಂದರ ಸ್ಥಾನ ಪ್ರತಿಯೊಬ್ಬ ಪ್ರಯಾಣಿಕನಿಗೂ ಏಳಬೇಕು ಇಲ್ಲವೇ ಕೂರಬೇಕು. ಮುಂದೆ ಹೋದಂತೆಲ್ಲ ಕೆಲಸ ಅರ್ಧರ್ಧವಾಗಿ ಇಳಿಯುತ್ತದೆ. ಕೊನೆಯದು, ನೂರ ಇಪ್ಪತ್ತೆಂಟರದು, ಎದ್ದರೆ ಒಂದೇ ಸಲ. ಈ ಲಕ್ಷಣವನ್ನು ಎಲ್ಲರಿಗಿಂತ ಮೊದಲು ಗ್ರಹಿಸಿ ನಾನು ಆ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದೆ. ದೊಡ್ಡಮ್ಮ ಬಂದು ಮಂಡಿಯನ್ನು ತೋರಿಸಿ ಎಬ್ಬಿಸಿದರು. ಮಾಲೀಕರು ಅರವತ್ತನಾಲ್ಕಕ್ಕಿಂತ ಕೆಳಗೆ ಕೂರಲು ಒಪ್ಪಲಿಲ್ಲ. ನನಗೆ ಮೂವತ್ತೆರಡು ಬಂದಿತು. ಹದಿನಾರಕ್ಕೆ ಚಾಲಕ, ಎಂಟಕ್ಕೆ ಅಕ್ಕ, ನಾಲ್ಕಕ್ಕೆ ಬಡಗಿ. ಸಂಗೀತದ ಮೇಷ್ಟ್ರು, ನಾಲ್ಕೊಂದನ್ನು ಬಿಟ್ಟು ಏನಾದರೂ ಕೊಡಿ ಎಂದು ಬೇಡಿ ಎರಡನ್ನು ಪಡೆದರು. ಉಳಿದದ್ದು ಒಂದೇ ಕುರ್ಚಿ, ಉಳಿದವನು ಒಬ್ಬನೇ. ಭಾಮೈದ ಅದರಲ್ಲಿ ಆರಾಮವಾಗಿ ಒರಗಿ ಕಾಲು ನೀಡಿದ.

ಭಾವ ಎಲ್ಲರಿಗೂ ಒಂದೇ ವಾಕ್ಯದ ತರಬೇತಿ ಕೊಟ್ಟರು. “ನಿಮ್ಮ ಬಲಗಡೆಯವರು ಕೂತ ತಕ್ಷಣ ನೀವು ಬದಲಾಗಬೇಕು. ಕೂತಿದ್ರೆ ಏಳಿ, ನಿಂತಿದ್ರೆ ಕೂರಿ. ಬೇರೇನೂ ಯೋಚನೆ ಮಾಡ್ಬೇಡಿ.”

ಇಳಿಯುವುದು ಆರಂಭವಾಯಿತು. ಭಾಮೈದ ಎದ್ದ, ಕೂತ, ಎದ್ದ, ಕೂತ. ಅವನು ಕೂತಾಗಲೆಲ್ಲ ಮೇಷ್ಟ್ರು ಬದಲಾದರು, ಮೇಷ್ಟ್ರು ಕೂತಾಗಲೆಲ್ಲ ಬಡಗಿ. ಸಾಲಿನುದ್ದಕ್ಕೂ ಅಲೆ ಹೋದಂತೆ ಜನ ಏಳುತ್ತ ಬೀಳುತ್ತ ಇದ್ದರು. ಮೇಷ್ಟ್ರು ಇದರಲ್ಲಿ ತಾಳವೊಂದನ್ನು ಕಂಡುಕೊಂಡು ತೊಡೆ ತಟ್ಟತೊಡಗಿದರು. ಇನ್ಸ್‌ಪೆಕ್ಟರ ಮುಷ್ಟಿಯೊಳಗೆ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಭಾಮೈದ ಮೊದಲು ಕೆಂಪಗಾದ, ಆಮೇಲೆ ನೇರಳೆಯಾದ, ಆಮೇಲೆ ಬಣ್ಣವೇ ಇಲ್ಲದಂತಾದ. ಅವನು ಹುಟ್ಟಿದಾರಭ್ಯ ಎದ್ದಿದ್ದಕ್ಕಿಂತ ಹೆಚ್ಚು ಸಲ ಆ ಬೆಳಿಗ್ಗೆ ಎದ್ದನೆಂದು ಮಾಲೀಕರೇ ನಂತರ ಒಪ್ಪಿಕೊಂಡರು.

ನೂರ ಇಪ್ಪತ್ತೇಳನೆಯವನು ಇಳಿದಾಗ ದೊಡ್ಡಮ್ಮನೊಬ್ಬರನ್ನು ಬಿಟ್ಟು ನಾವು ಏಳೂ ಜನ ನಿಂತಿದ್ದೆವು. ಮುಂದಿನ ಹೆಂಗಸು ಕೆಳಗೆ ಕಾಲಿಟ್ಟಳು. ಭಾಮೈದ ಕುಸಿದ, ಮೇಷ್ಟ್ರು ಕುಳಿತರು, ಬಡಗಿ, ಅಕ್ಕ, ಚಾಲಕ, ನಾನು, ಮಾಲೀಕರು, ಒಬ್ಬರ ಹಿಂದೊಬ್ಬರು ಕುಳಿತೆವು. ಎಲ್ಲರ ದೃಷ್ಟಿಯೂ ದೊಡ್ಡಮ್ಮನ ಮೇಲೆ ನೆಟ್ಟಿತು.

“ಈಗ್ಲಾ?” ಎಂದರು ದೊಡ್ಡಮ್ಮ. “ಈಗಷ್ಟೇ ಕಾಲು ನೀಡಿದ್ದೆ.”

“ಅಮ್ಮ, ದಯವಿಟ್ಟು,” ಎಂದರು ಭಾವ. ಆ ದನಿಯಲ್ಲಿ ಎರಡು ಕೋಣೆ, ಒಲೆ, ಮಂಚ, ಚಾಪೆ ಎಲ್ಲವೂ ಇದ್ದವು.

ದೊಡ್ಡಮ್ಮ ಎದ್ದರು. ಇನ್ಸ್‌ಪೆಕ್ಟರು, ಏಕೆಂದು ತಮಗೇ ತಿಳಿಯದೆ, ತಲೆಬಾಗಿದರು. ಆದರೆ ದೊಡ್ಡಸ್ಥಾನದ ಇನ್ನೊಂದು ಲಕ್ಷಣವನ್ನು ಯಾರೂ ಮುಂದಾಗಿ ಯೋಚಿಸಿರಲಿಲ್ಲ: ಅಪರೂಪಕ್ಕೆ ಏಳುವುದು ಅಪರೂಪಕ್ಕೇ ಕೂರುತ್ತದೆ. ಜನ ಇಳಿಯುತ್ತಲೇ ಇದ್ದರು, ನಾವು ಎದ್ದು ಕೂತು ಮಾಡುತ್ತಲೇ ಇದ್ದೆವು, ದೊಡ್ಡಮ್ಮ ನಿಂತೇ ಇದ್ದರು. ಒಂದೇ ಸಲ ಏಳುವುದೆಂದು ಹೇಳಿ, ಕೂರುವುದು ಯಾವಾಗ ಎಂದು ಹೇಳದ ಮಗನನ್ನು, ಅವನಿಗೆ ಆ ಪುಸ್ತಕ ಓದಿ ಹೇಳಿದ ನನ್ನನ್ನು, ಅದನ್ನು ಹೊಲಿದವನನ್ನು ಅವರು ಕ್ರಮವಾಗಿ ನೆನೆಯುತ್ತಿದ್ದರು.

ಕೊನೆಯ ಪ್ರಯಾಣಿಕ ಇಳಿದ. ಅಲೆ ಭಾಮೈದನಿಂದ ಹೊರಟು ನನ್ನವರೆಗೆ ಬಂದು ಎಲ್ಲರನ್ನೂ ಕೂರಿಸಿ, ಮಾಲೀಕರನ್ನು ಎಬ್ಬಿಸಿ ನಿಂತಿತು. ಇಡೀ ಸಾಲಿನಲ್ಲಿ ನಿಂತವರು ಇಬ್ಬರೇ: ಮಾಲೀಕರು ಅರವತ್ತನಾಲ್ಕು, ದೊಡ್ಡಮ್ಮ ನೂರ ಇಪ್ಪತ್ತೆಂಟು.

“ನೂರ ತೊಂಬತ್ತೆರಡು,” ಎಂದರು ಭಾವ. “ಮೊದಲ ಮೂವರೂ ಕೂತಿದಾರೆ ಸಾರ್. ಎಂಟರಿಂದ ಭಾಗ ಹೋಗುತ್ತೆ,” ಎಂದು ಸೇರಿಸಿದರು.

ಇನ್ಸ್‌ಪೆಕ್ಟರು ಮುಷ್ಟಿ ಬಿಚ್ಚಿದರು. ಯಂತ್ರದಲ್ಲಿಯೂ ಅದೇ ಇತ್ತು.

ಮಾಲೀಕರು ಇನ್ನೂ ನಿಂತೇ ಇದ್ದರು. ಅರವತ್ತೈದು ಜನ ಹೆಚ್ಚಾದರೆಂದು ಲೈಸೆನ್ಸು ಹೋಗುವುದೇ ಎಂದು ಕೇಳಿದರು. ಇನ್ಸ್‌ಪೆಕ್ಟರು ಸರಪಳಿಯನ್ನು ಮುಟ್ಟಿ ನೋಡಿದರು. ಎಣಿಕೆ ಮುಗಿದ ಸನ್ನೆಯಾಗಿರಲಿಲ್ಲವಾಗಿ ಲಾಂಚನ್ನು ಕಟ್ಟೆಯಿಂದ ಬಿಚ್ಚಿರಲೇ ಇಲ್ಲ. ಬಿಚ್ಚದ ಲಾಂಚು ಪ್ರಯಾಣ ಮಾಡಿದಂತಲ್ಲ; ಪ್ರಯಾಣವಿಲ್ಲದೆ ಅಪರಾಧವಿಲ್ಲ. “ಈ ಮನುಷ್ಯ ಎಣಿಸೋದ್ರಲ್ಲಿ ತಪ್ಪಿಲ್ಲ,” ಎಂದರು ಅವರು. “ಮುಗಿಸಿಲ್ಲ, ಅಷ್ಟೆ.”

ಭಾಮೈದ ಕುರ್ಚಿಯಿಂದ ಏಳದೆಯೇ ಮಾಲೀಕರ ಅಂಗಿಯ ತುದಿ ಹಿಡಿದುಕೊಂಡ. “ಭಾವಾ, ಈ ಕೆಲಸ ನಂಗೆ ಬೇಡ. ಬೇರೆ ಯಾವ ಕೆಲಸಾನೂ ಬೇಡ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆನೆಂದು ಮೆಟ್ಟಿಲು ಹತ್ತಿ ಓಡಿದಳು.

ಕಥೆಯನ್ನು ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಇನ್ಸ್‌ಪೆಕ್ಟರು ಹೊರಡುವ ಮೊದಲು ಒಂದು ಆದೇಶ ಬರೆದರು: ಸದರಿ ಬೆರಳು ಕರ್ತವ್ಯಕ್ಕೆ ಮರಳಿ ಹಾಜರಾಗುವವರೆಗೂ ಈ ಕಟ್ಟೆಯ ಎಣಿಕೆಯನ್ನು ಇಂದು ನಡೆದ ಕ್ರಮದಲ್ಲಿಯೇ, ಇಂದು ಇದ್ದ ವ್ಯಕ್ತಿಗಳೇ ನಡೆಸತಕ್ಕದ್ದು. ಬೆರಳು ಎಂದಿಗೆ ಮರಳುವುದೆಂದು ಕೇಳಿದ್ದಕ್ಕೆ ಬಡಗಿ, ಅದು ಬೆರಳಿನ ಇಷ್ಟ ಎಂದ. ಅವನು ತನ್ನ ಉಳಿ ಬಾಚಿಗಳನ್ನು ಕುರ್ಚಿಯ ಬಳಿಗೇ ತಂದುಕೊಂಡ. ಮೇಷ್ಟ್ರು ಶಿಷ್ಯರನ್ನು ಕಟ್ಟೆಗೇ ಕರೆಸಿಕೊಂಡರು. ನೂರ ಇಪ್ಪತ್ತೇಳಕ್ಕೆ ಏಳು ಕುರ್ಚಿಗಳೇ ಸಾಕಾದ್ದರಿಂದ ದೊಡ್ಡಮ್ಮನಿಗೆ ಇನ್ನು ಏಳುವ ಪ್ರಮೇಯವಿರಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತೇ ನಮ್ಮ ತಪ್ಪುಗಳನ್ನು ನೋಡಿಕೊಳ್ಳುತ್ತಿದ್ದರು. ಮತ್ತು ನಾನು, ಯಾವ ಊರಿನಲ್ಲಿಯೂ ಯಾವ ಸ್ಥಾನವನ್ನೂ ಬಯಸದೆ ಬದುಕಿದ ನಾನು, ಮೊದಲ ಲಾಂಚಿನಿಂದ ಕೊನೆಯ ಲಾಂಚಿನವರೆಗೆ ಮೂವತ್ತೆರಡಾಗಿದ್ದೆ.

ಕೆಲವು ದಿನ ಸಹಿಸಿದೆ. ಒಂದು ಬೆಳಿಗ್ಗೆ ಕಾದಂಬರಿಗಳನ್ನೂ ಎರಡು ಅಂಗಿಗಳನ್ನೂ ಚೀಲಕ್ಕೆ ತುಂಬಿ, ಚಾಪೆ ಸುತ್ತಿಟ್ಟು, ಆಚೆ ದಡದಲ್ಲಿ ಯಾರನ್ನೋ ನೋಡಬೇಕಾಗಿದೆ ಎಂದೆ. ಅಕ್ಕ ಯಾರನ್ನೆಂದು ಕೇಳಲಿಲ್ಲ. ಬುತ್ತಿಯ ಡಬ್ಬಿಯನ್ನು ಚೀಲದ ಮೇಲಿಟ್ಟು, “ಹೋಗೋ ಮುಂಚೆ ನಿನ್ನ ಕುರ್ಚಿನ ಸ್ವಲ್ಪ ನೆರಳಿಗೆ ಎಳೆದಿಡು,” ಎಂದಳಷ್ಟೆ.

ಯಾರ ಕಣ್ಣಿಗೂ ಬೀಳದಂತೆ ಜನರ ನಡುವೆ ತಲೆತಗ್ಗಿಸಿಕೊಂಡು ಸಾಲಿನಲ್ಲಿ ನಿಂತೆ. ಸಾಲು ಸರಿಯಿತು. ನಾನು ಲಾಂಚಿನೊಳಗೆ ಕಾಲಿಟ್ಟೆ. ನನ್ನ ಹಿಂದೆ, ಕಟ್ಟೆಯ ಮೇಲೆ, ಭಾಮೈದ ಕೂತ, ಮೇಷ್ಟ್ರು ಕೂತರು, ಬಡಗಿ, ಅಕ್ಕ, ಚಾಲಕ, ಒಬ್ಬರಾದ ಮೇಲೊಬ್ಬರು ಕೂತರು. ಆಮೇಲೆ ಏನೂ ಆಗಲಿಲ್ಲ. ನಾನು ಮೂವತ್ತೆರಡನೆಯ ಪ್ರಯಾಣಿಕನಾಗಿದ್ದೆ. ಕಟ್ಟೆಯ ಮೇಲಿದ್ದವರೆಲ್ಲ ನನ್ನ ಖಾಲಿ ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಭಾವ ಬೆರಳು ಕಟ್ಟಿದ್ದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ನಾನು ಬೆಂಚಿನ ತುದಿಯಲ್ಲಿ ಚೀಲವನ್ನಿಟ್ಟು, ಎಲ್ಲರಿಗೂ ಕಾಣುವಂತೆ ಕಂಬಿಯ ಬಳಿ ನೆಟ್ಟಗೆ ನಿಂತೆ.

ಎಣಿಕೆ ಮುಂದುವರಿಯಿತು. ಅರವತ್ತನಾಲ್ಕನೆಯವನಿಗೆ ಚಾಲಕ ಕೂತಾಗ ನಾನೂ ಕೂತೆ, ಮಾಲೀಕರು ಎದ್ದರು. ಮುಂದೆ ನನ್ನ ಸರದಿ ಬಂದಾಗ ಮತ್ತೆ ಎದ್ದೆ. ಕೊನೆಗೆ ಕಟ್ಟೆಯ ಮೇಲೆ ಆರು ಜನ, ಲಾಂಚಿನ ಮೇಲೆ ನಾನು, ಏಳೂ ಸ್ಥಾನಗಳು ಎದ್ದು ನಿಂತೆವು. ಭಾವ ಸರಪಳಿ ಎಳೆದರು. ಚಾಲಕ ಓಡಿಬಂದು ತನ್ನ ಕೋಣೆ ಸೇರಿದ. ದಡ ಹಿಂದಕ್ಕೆ ಸರಿಯಿತು. ದೊಡ್ಡಮ್ಮ ಗೊಣಗುತ್ತ ತಮ್ಮ ಕುರ್ಚಿಯನ್ನು ನನ್ನ ಜಾಗಕ್ಕೆ ಎಳೆದುಕೊಳ್ಳುತ್ತಿರುವುದು ಕಂಡಿತು. ಗಾಳಿ ಆ ಕಡೆಗಿದ್ದುದರಿಂದ ಮಾತುಗಳು ಕೇಳಲಿಲ್ಲ.

“ಕೂತ್ಕೊಳ್ಳಿ ಸ್ವಾಮಿ, ಜಾಗ ಇದೆ,” ಎಂದ ಪಕ್ಕದ ಬೆಂಚಿನವನು.

“ಆಚೆ ದಡ ಮುಟ್ಟೋವರೆಗೂ ಆಗಲ್ಲ,” ಎಂದೆ. “ನಾನು ಕೂತ್ರೆ ಇಲ್ಲಿ ಮೂವತ್ತೆರಡು ಜನ ಕಡಿಮೆ ಆಗ್ತಾರೆ.”

ಆತ ಸುತ್ತಲೂ ಒಮ್ಮೆ ನೋಡಿ, ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕುಳಿತ.